ಬೆಂಚುಗಳ ಬೇಸಿಗೆ ರಜೆ

ರಾಜಾಜಿನಗರದ ನಮ್ಮ ಬೀದಿಯ ಶಾಲೆಯ ಹೆಡ್‌ಮೇಷ್ಟ್ರು ರಜಕ್ಕೆ ಊರಿಗೆ ಹೋದರು. ಹೋಗುವಾಗ ಬೀಗದ ಕೈಯನ್ನೂ ಕೊಂಡುಹೋದರು!

ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. (ಸ್ವಲ್ಪ ಅಂದದ್ದು ಮರ್ಯಾದೆಗೆ.)

ರಜದಲ್ಲಿ ಹೆಂಗಸರಿಗೆ ಓದುಬರಹ ಕಲಿಸುವ ಕ್ಲಾಸು ಮಾಡುತ್ತೇವೆ, ಒಂದು ಕೋಣೆ ಕೊಡಿ ಎಂದು ಮೊದಲೇ ಕೇಳಿದ್ದೆ. "ಅದಕ್ಕೇನಂತೆ, ಧಾರಾಳವಾಗಿ ಮಾಡ್ಕೊಳ್ಳಿ" ಎಂದಿದ್ದರು. ಹನ್ನೊಂದು ಜನ ಸ್ಲೇಟು ಹಿಡಿದು ಬಂದರೆ ಬಾಗಿಲಿಗೆ ಅಂಗೈಯಗಲದ ಬೀಗ. ಒಳಗೆ ಬೆಂಚು, ಬೋರ್ಡು, ನೆರಳು. ಹೊರಗೆ ಏಪ್ರಿಲ್ ಬಿಸಿಲು. ಹೊಸ ಬಡಾವಣೆ ನೋಡಿ, ನೆಟ್ಟ ಗಿಡ ಇನ್ನೂ ಮೊಣಕಾಲಿಗೆ ಬಂದಿಲ್ಲ.

ನಿಮ್ಮ ಮನೆಯಲ್ಲೇ ಮಾಡಬಹುದಿತ್ತಲ್ಲ ಅಂತೀರಾ? ಇರುವುದೇ ಒಂದೂವರೆ ಕೋಣೆ, ಅದರಲ್ಲಿ ಹಾಸಿಗೆ ಹಿಡಿದ ಮಾವ.

ಸರಿ, ಶಾಲೆಯ ಸೂರಿಲ್ಲದ ಜಗಲಿಯಲ್ಲೇ ಕೂತೆವು. ಬೀಗ ಹಾಕಿದ ಬಾಗಿಲೇ ಬೋರ್ಡಾಯಿತು. ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು ಸೊಪ್ಪು ಮಾರುವ ಪುಟ್ಟಮ್ಮ. ಏಕೆ ಇಷ್ಟು ಆತುರ ಎಂದು ಕೇಳಿದೆ.

"ಮಗಳ ಕಾಗ್ದಾನ ಪೋಸ್ಟಿನೋನು ಓದ್ತಾನಮ್ಮ. ಬೀದಿಯೋರೆಲ್ಲ ಕಿವಿ ಕೊಡ್ತಾರೆ. ಅವಳ ಕಷ್ಟ ನಾನೊಬ್ಳೇ ಓದ್ಕೋಬೇಕು."

ಮೂರನೇ ವಾರ ಬಿಸಿಲಿಗೆ ಇಬ್ಬರು ತಲೆಸುತ್ತಿ ಬಿದ್ದರು. ಮರುದಿನದಿಂದ ಯಾರೂ ಬರಲಿಲ್ಲ. ಪುಟ್ಟಮ್ಮನ ಕಾಗುಣಿತ ಅರ್ಧಕ್ಕೇ ನಿಂತಿತು.

ರಜ ಮುಗಿಸಿ ಬಂದ ಮೇಷ್ಟ್ರು ನನ್ನ ಮೇಲೇ ಎಗರಿದರು. "ಬಾಗಿಲೆಲ್ಲ ಗೀಚಿ ಹಾಳ್ಮಾಡಿದೀರಲ್ರೀ!"

"ಬೀಗ ಯಾಕೆ ಹಾಕ್ಕೊಂಡು ಹೋದ್ರಿ ಸಾರ್?"

"ಮತ್ತೆ? ಬೆಂಚುಗಳ ಗತಿ ಏನಾಗ್ಬೇಕು?"

ಮೈಯೆಲ್ಲ ಉರಿದುಹೋಯಿತು. ಶಾಲೆ ಕಟ್ಟಿದ್ದು ಮನುಷ್ಯರಿಗೋ, ಮರದ ಹಲಗೆಗಳಿಗೋ? ಎರಡು ತಿಂಗಳು ನೆರಳಿನಲ್ಲಿ ಮಲಗಲು ಬೆಂಚುಗಳು ಯಾವ ಪರೀಕ್ಷೆ ಬರೆದು ದಣಿದಿದ್ದವು?

ಕಳೆದ ವಾರ ಪುಟ್ಟಮ್ಮನಿಗೆ ಮಗಳ ಕಾಗದ ಬಂತು. ಈ ಸಲ ಪೋಸ್ಟಿನವನಿಗೆ ಕೊಡದೆ, ಹೊಸ್ತಿಲಲ್ಲಿ ಕೂತು ಬೆರಳಿಟ್ಟು ತಾನೇ ಓದತೊಡಗಿದಳಂತೆ. ಎರಡು ಸಾಲು ಓದಿದಳು. ಮೂರನೆಯದರಲ್ಲಿ ಸಿಕ್ಕಿಕೊಂಡಳು. ಪೋಸ್ಟಿನವನು "ಕೊಡಮ್ಮ, ಹೊತ್ತಾಯ್ತು" ಎಂದು ಕಿತ್ತುಕೊಂಡು ಉಳಿದದ್ದನ್ನು ಗಟ್ಟಿಯಾಗಿ ಓದಿಬಿಟ್ಟ. ಗಂಡ ಹೊಡೆದು ಹೊರಗೆ ಹಾಕಿದ್ದಾನೆ, ಬಂದು ಕರೆದುಕೊಂಡು ಹೋಗು ಎಂದು ಮಗಳು ಬರೆದಿದ್ದಳು. ಈಗ ಪುಟ್ಟಮ್ಮ ಬಂದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತದೆ.

"ಎರಡ್ ಸಾಲು ನಾನೇ ಓದ್ದೆ ಕಣಮ್ಮ" ಎಂದಳು ನನ್ನ ಹತ್ತಿರ. ಆಮೇಲೆ ಅತ್ತಳು.

ಮೇಷ್ಟ್ರೇ, ನಿಮ್ಮ ಬೆಂಚುಗಳು ಕ್ಷೇಮ ತಾನೇ?