ಹಿತ್ತಲಲ್ಲೊಂದು ಬೇರೆ ಒಲೆ

ಎರಡನೇ ಮಹಾಯುದ್ಧದ ಕಾಲ. ಕೊಡಗು ಇನ್ನೂ ಬ್ರಿಟಿಷ್ ಚೀಫ್ ಕಮಿಷನರ್ ಕೈಕೆಳಗಿತ್ತು. ನಾನು ಕೊಡ್ಲಿಪೇಟೆ ಕಡೆ ಪಾರುಪತ್ಯಗಾರನಾಗಿದ್ದೆ. ಈಗಿನವರು ರೆವಿನ್ಯೂ ಇನ್ಸ್‌ಪೆಕ್ಟರ್ ಅನ್ನಬಹುದು. ಎಲ್ಲರನ್ನೂ ಅನುಮಾನಿಸುವುದೇ ನನ್ನ ಕೆಲಸವೆಂದು ನಂಬಿದ್ದೆ. ತಪಾಸಣೆಗೆ ಹೋದ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಇವತ್ತು ನೀರು ಕುಡಿದವನಿಗೆ ನಾಳೆ ಕಿತ್ತಳೆ ಬುಟ್ಟಿ ಬರುತ್ತದೆ.

ಒಂದು ದಿನ ಮೂಗರ್ಜಿ ಬಂತು. ಚೆನ್ನಬಸಪ್ಪ ಎಂಬ ರೈತ ತನ್ನ ಬಾಣೆಯಲ್ಲಿ ಮನೆ ಕಟ್ಟಿ ಹೊರಗಿನವರನ್ನು ಬಾಡಿಗೆಗೆ ಇಟ್ಟಿದ್ದಾನೆ ಎಂದು ದೂರು. ಬಾಣೆಯೆಂದರೆ ಗದ್ದೆಯ ಜೊತೆ ಬರುವ, ಕಂದಾಯವಿಲ್ಲದ ಕಾಡುಜಾಗ. ಸೌದೆ, ಸೊಪ್ಪು, ಮನೆಮಂದಿಯ ವಾಸಕ್ಕೆ ಸರಿ, ಬಾಡಿಗೆಗೆ ಸಲ್ಲದು. ಬೇರೆ ಒಲೆಯಿದ್ದರೆ ಬೇರೆ ಸಂಸಾರ ಎಂಬುದು ನಮ್ಮ ಕಚೇರಿಯ ಅಳತೆಗೋಲು.

ಹೇಳದೆ ಕೇಳದೆ ಹೋದೆ. ಬಾಣೆಯಲ್ಲೇ ಇದ್ದ ಅವನ ದೊಡ್ಡ ಮನೆಯ ಹಿತ್ತಲಲ್ಲಿ ಹನ್ನೆರಡು ಅಡಿ ಉದ್ದದ ಹುಲ್ಲಿನ ಮನೆ. ಒಳಗೆ ಬೇರೆ ಒಲೆ, ಬೇರೆ ಅಕ್ಕಿ ಮಡಕೆ. ಪಕ್ಕದಲ್ಲಿ ಒಂದು ಎಮ್ಮೆ. ಇರುವವರು ತನ್ನ ಅತ್ತೆ ಗೌರಮ್ಮ, ಹೆಂಡತಿಯ ತಾಯಿ ಎಂದ ಚೆನ್ನಬಸಪ್ಪ. ಹಾಗಿದ್ದರೆ ಹತ್ತು ಹೆಜ್ಜೆ ದೂರದಲ್ಲಿ ಎರಡನೇ ಒಲೆ ಯಾಕೆ ಎಂದೆ. ಅವನು ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ಗೌರಮ್ಮ ತಂದ ಮಜ್ಜಿಗೆಯನ್ನು ಬೇಡವೆಂದು, ಒಲೆ ಒಡೆದರೆ ಮನೆ ಉಳಿಸುತ್ತೇನೆಂದು ಹೇಳಿ ಹೊರಟೆ. ದೊಡ್ಡ ಉಪಕಾರ ಮಾಡಿದೆನೆಂಬ ಜಂಬ ಬೇರೆ.

ಮರುದಿನ ಅತ್ತ ಹೋದರೆ ಒಲೆ ಒಡೆದಿತ್ತು. ಗೌರಮ್ಮ ಗಂಟು ಕಟ್ಟಿಕೊಂಡು ರಸ್ತೆಬದಿ ಕೂತಿದ್ದರು. ತಮಗೆ ಗಂಡು ಮಕ್ಕಳಿಲ್ಲ, ತಮ್ಮೂರಿನ ಮನೆಯೂ ಬಿದ್ದುಹೋಗಿದೆ ಎಂದರು. ಮಗಳು ಅಳುತ್ತಾ ಪಕ್ಕದಲ್ಲಿ ನಿಂತಿದ್ದಳು. ಇದೂ ನಾಟಕವಿರಬಹುದೆಂದುಕೊಂಡು ನಾನು, ಅಳಿಯನ ಮನೆಯಲ್ಲೇ ಊಟ ಮಾಡಿಕೊಂಡು ಇರಬಾರದೇ ಎಂದು ಗದರಿದೆ.

"ಹೆಣ್ಣು ಕೊಟ್ಟ ಮನೇಲಿ ಕೂತು ಉಣ್ಣಕಾಯ್ತದಾ ಸ್ವಾಮಿ? ಎಮ್ಮೆ ಸಾಕಿ, ತುಪ್ಪ ಮಾರಿ, ನನ್ನ ಗಂಜಿ ನಾನು ಬೇಯಿಸ್ಕತಿದ್ದೆ. ಅದುನ್ನ ಹೇಳುದ್ರೆ, ಅತ್ತೆಗೆ ಅನ್ನ ಹಾಕಲ್ಲ ಅಂತ ಊರೋರು ಅಳಿಯನ್ನೇ ಆಡ್ಕತಾರೆ. ಅದುಕ್ಕೇ ನಾವ್ಯಾರೂ ಬಾಯಿ ಬಿಡ್ಲಿಲ್ಲ" ಎಂದರು. ಆಮೇಲೆ ನನ್ನನ್ನೇ ನೋಡಿ, "ನಿನ್ನೆ ನನ್ನ ಮಜ್ಜಿಗೆ ನೀವೂ ಮುಟ್ಲಿಲ್ಲ. ಹಂಗು ಬ್ಯಾಡ ಅಂತ ತಾನೆ? ನಂಗೂ ಅಷ್ಟೇಯ" ಎಂದರು.

ನನಗೆ ನಾಚಿಕೆಯಾಯಿತು. ಅಲ್ಲೇ ಕೂತು, ಒಂದೇ ಸಂಸಾರ, ಎರಡು ಒಲೆ, ಆಕ್ಷೇಪಣೆಯಿಲ್ಲ ಎಂದು ವರದಿ ಬರೆದೆ. ಮೇಲಧಿಕಾರಿಗಳು ನನ್ನನ್ನೇ ಅನುಮಾನಿಸಿ ಎರಡು ಸಲ ವಿವರಣೆ ಕೇಳಿದರು. ಕೊನೆಗೆ ಒಪ್ಪಿದರು. ಮೂಗರ್ಜಿ ಬರೆದವರು ಯಾರೆಂದು ತಿಳಿಯಲಿಲ್ಲ; ಪಕ್ಕದ ಗದ್ದೆಯವನ ಮೇಲೆ ನನಗೆ ಇವತ್ತಿಗೂ ಅನುಮಾನವಿದೆ.

ಅನುಮಾನ ಪಡುವುದು ತಪ್ಪಲ್ಲ, ಉತ್ತರ ಕೇಳುವ ಮೊದಲೇ ಒಲೆ ಒಡೆಸಬಾರದು ಎಂಬುದನ್ನು ನನಗೆ ಕಲಿಸಿದವರು ಗೌರಮ್ಮ. ಹೊಸ ಒಲೆ ಹಾಕಿದ ಮೇಲೆ ಒಮ್ಮೆ ಹೋದೆ. ಅವರು ಲೋಟ ತಂದು ಮುಂದಿಟ್ಟರು. ನನ್ನ ಇಡೀ ಸರ್ವಿಸಿನಲ್ಲಿ ತಪಾಸಣೆಯ ಮನೆಯಲ್ಲಿ ಕುಡಿದದ್ದು ಆ ಒಂದು ಲೋಟ ಮಜ್ಜಿಗೆ ಮಾತ್ರ.