ಬೀಗ ಬಿದ್ದ ಕಾರ್ಖಾನೆಯ ಆಯುಧಪೂಜೆ

ಕಳೆದ ವಾರ ಹೊಸೂರಿನ ಬಳಿಯ ಜೂಜುವಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಲೇತ್ ಅಂಗಡಿಯಲ್ಲಿ ಯಾರೋ ಸೀಮೆಎಣ್ಣೆಯ ಬಟ್ಟೆಯಿಂದ ಯಂತ್ರ ಒರೆಸುತ್ತಿದ್ದರು. ಹೊಸ್ತಿಲ ಬಳಿ ಕರ್ಪೂರ ಉರಿಯುತ್ತಿತ್ತು. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ತಾಕಿದ್ದೇ ತಡ, ಬಸ್ಸು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ನಮ್ಮ ಮೇಸ್ತ್ರಿ ನೆನಪಾದರು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಹೊಸೂರಿನ ಹೊರಗೆ, ಅಲಾರಂ ಗಡಿಯಾರಕ್ಕೆ ಹಿತ್ತಾಳೆಯ ಚಕ್ರ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾವು ದುಡಿಯುತ್ತಿದ್ದೆವು. ಅವರು ಪಟ್ಟಿಯಿಂದ ಚಕ್ರ ಹೊಡೆಯುವ ಪ್ರೆಸ್ ವಿಭಾಗದ ಮೇಸ್ತ್ರಿ, ನಾನು ಅವರ ಕೈಕೆಳಗಿನವನು. ಆಗ ಬಸ್ ಸ್ಟ್ಯಾಂಡಿನ ನೆಲದ ಮೇಲೆ ಚೈನಾ ಗಡಿಯಾರಗಳು ಗುಡ್ಡೆ ಬಿದ್ದವು. ನಮ್ಮ ಚಕ್ರಗಳಿಗೆ ತಗಲುವ ಖರ್ಚಿಗೆ ಅಲ್ಲಿ ಇಡೀ ಗಡಿಯಾರವೇ ಸಿಗುತ್ತಿತ್ತು. ಮೊದಲು ಒಂದು ಪಾಳಿ ನಿಂತಿತು, ಆಮೇಲೆ ಕ್ಯಾಂಟೀನು, ಕೊನೆಗೆ ಗೇಟಿಗೆ ಬೀಗ.

ಹೀಗೆ ಕೆಲಸ ಕಳೆದುಕೊಂಡವರಿಗೆ ಸರ್ಕಾರದ ನೆರವಿತ್ತು: ಕೆಲವು ತಿಂಗಳ ಭತ್ಯೆ, ಬೇರೆ ಕೆಲಸದ ತರಬೇತಿ, ಮನೆಯವರಿಗೆಲ್ಲ ವಿಮೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ. ನಮಗೆಲ್ಲ ಭತ್ಯೆ ಬೇಕಿತ್ತು. ಮೇಸ್ತ್ರಿಗೆ ಬೇಕಿದ್ದದ್ದು ಆಸ್ಪತ್ರೆ. ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅಕ್ಕನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರ ವಾರ ಬೆಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳದೆ ಬದುಕುವಂತಿರಲಿಲ್ಲ. ಕೆಲಸದೊಂದಿಗೆ ಬಂದಿದ್ದ ವಿಮೆ ಮುಗಿಯುತ್ತ ಬಂದಿತ್ತು. ಕಾರ್ಖಾನೆ ನಿಜಕ್ಕೂ ನಿಂತಿದೆ ಎಂದು ಅಧಿಕಾರಿ ನೋಡಿ ಬರೆದರೆ ಚಿಕಿತ್ಸೆ ಮುಂದುವರಿಯುತ್ತಿತ್ತು. ಹಬ್ಬ ಕಳೆದ ಮೇಲೆ ಬರುವುದಾಗಿ ಹೇಳಿ ಕಳಿಸಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಯಂತ್ರಗಳಿಗೆ ಪೂಜೆ ಮಾಡದೆ ಆ ದಿನ ಕಳೆಯಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಮಾಲೀಕರು ಕೀಲಿ ಕೊಟ್ಟರು. ಧೂಳು ಒರೆಸಿದೆವು, ಎಣ್ಣೆ ಬಿಟ್ಟೆವು, ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದೆವು. ಕುಂಬಳಕಾಯಿ ಒಡೆಯುವಾಗ ನಮ್ಮಲ್ಲೊಬ್ಬ ಕೇಳಿದ, "ಮೇಸ್ತ್ರಿ, ಚೈನಾದವ್ರೂ ಕುಂಬ್ಳುಕಾಯಿ ಒಡೀತಾರಾ?"

"ಒಡೀದಿದ್ದಕ್ಕೇ ಕಣ್ಲಾ, ಅವ್ರ ಗಡಿಯಾರ ಮೂರ್ ತಿಂಗ್ಳಿಗೆ ನಿಂತ್ಕಳಾದು," ಎಂದರು ಮೇಸ್ತ್ರಿ.

ಎಲ್ಲರೂ ನಕ್ಕೆವು. ಆ ಗೋಡೆಗಳ ನಡುವೆ ನಾವು ನಕ್ಕದ್ದು ಅದೇ ಕೊನೆ...

ಪೂಜೆಯಾದ ಮೇಲೆ ಯಂತ್ರ ಓಡಿಸುವುದು ನಮ್ಮ ಪದ್ಧತಿ. ಬರಿದೇ ಓಡಿಸುವಂತಿಲ್ಲ. ಹಿತ್ತಾಳೆಯ ಪಟ್ಟಿ ಕೊಟ್ಟು ಒಂದಿಷ್ಟು ಚಕ್ರ ಹೊಡೆಯಬೇಕು. ಒಬ್ಬೊಬ್ಬರು ಒಂದೊಂದನ್ನು ಒಯ್ದು ಮನೆಯ ದೇವರ ಮುಂದಿಡಬೇಕು. ಕರೆಂಟ್ ಇನ್ನೂ ಕಿತ್ತಿರಲಿಲ್ಲ.

"ಬೀಗ ಹಾಕಿರೋ ಫ್ಯಾಕ್ಟ್ರಿ, ಈ ಸಲ ಬ್ಯಾಡ ಬುಡಣ್ಣ," ಎಂದೆ.

"ಪೂಜೆ ಮಾಡ್ಬುಟ್ಟು ಓಡಿಸ್ದೆ ಹೋದ್ರೆ ಹೆಣಕ್ಕೆ ಹಾರ ಹಾಕ್ದಂಗೆ ಕಣ್ಲಾ. ಮನೇಲಿ ಅವ್ಳು ಹಂಗೆ ಮಲ್ಗವ್ಳೆ. ಈ ವರ್ಸ ನಾನ್ ಅದ್ನ ಮಾಡಕಿಲ್ಲ."

ಅವರೇ ಸ್ವಿಚ್ ಹಾಕಿದರು. ಪ್ರೆಸ್ಸಿನ ಹೊಡೆತಕ್ಕೆ ಕಾಲಡಿಯ ನೆಲ ಅದುರಿತು. ಒಂದೊಂದು ಚಕ್ರ ತೆಗೆದುಕೊಂಡೆವು. ಉಳಿದವು ಟ್ರೇಯಲ್ಲೇ ಇದ್ದವು. ಹಾರ ಬಾಡುವವರೆಗೂ ಪೂಜೆಯ ಜಾಗವನ್ನು ಯಾರೂ ಗುಡಿಸುವುದಿಲ್ಲ.

ಕಚೇರಿಗಳು ತೆರೆದ ದಿನವೇ ಅಧಿಕಾರಿ ಬಂದರು. ಅವರ ಜೀಪಿನ ಮುಂದೆಯೂ ಹಾರವಿತ್ತು. ಪ್ರೆಸ್ಸನ್ನು ಮುಟ್ಟಿ ಬೆರಳಿಗಂಟಿದ ಎಣ್ಣೆ ನೋಡಿಕೊಂಡರು. ಟ್ರೇಯಿಂದ ಒಂದು ಚಕ್ರ ಎತ್ತಿ ಬೆಳಕಿಗೆ ಹಿಡಿದರು. ಹಿತ್ತಾಳೆ ಬೇಗ ಮಂಕಾಗುತ್ತದೆ; ಅದು ಥಳಥಳ ಹೊಳೆಯುತ್ತಿತ್ತು. ಯಾರು ಓಡಿಸುತ್ತಿದ್ದೀರಿ ಎಂದು ತಮಿಳಿನಲ್ಲಿ ಕೇಳಿದರು.

"ಪೂಜೈಕ್ಕು ಸಾರ್... ಪೂಜೈಕ್ಕು ಮಟ್ಟುಂ." ಪೂಜೆಗೆ, ಪೂಜೆಗೆ ಮಾತ್ರ ಎಂದು ಮೇಸ್ತ್ರಿ ಮತ್ತೆ ಮತ್ತೆ ಹೇಳಿದರು.

ಅಧಿಕಾರಿ ಕೂಗಾಡಲಿಲ್ಲ. ಕಂಡದ್ದನ್ನು ಬರೆಯಬೇಕು, ಅದಷ್ಟೇ ನನ್ನ ಕೆಲಸ ಎಂದರು. ಕಾರ್ಖಾನೆ ನಡೆಯುತ್ತಿದೆ ಎಂದು ಬರೆದು ಹೋದರು.

ಮತ್ತೊಮ್ಮೆ ಬಂದು ನೋಡಿ ಎಂದು ನಾವೆಲ್ಲ ಅರ್ಜಿ ಕೊಟ್ಟೆವು. ಅದು ಎಲ್ಲಿ ಕೂತಿತೋ. ಇತ್ತ ವಿಮೆ ಮುಗಿಯಿತು, ಆಸ್ಪತ್ರೆ ಅಕ್ಕನನ್ನು ವಾಪಸ್ಸು ಕಳಿಸಿತು. ಮೇಸ್ತ್ರಿ ತಮ್ಮ ಬೈಕು ಮಾರಿ ಖಾಸಗಿಯಾಗಿ ಡಯಾಲಿಸಿಸ್ ಮಾಡಿಸಿದರು. ಆಮೇಲೆ ಒಂದು ವಾರ ಬಿಟ್ಟು ಒಂದು ವಾರ... ನಾನು ನೋಡಲು ಹೋದಾಗ ಅಕ್ಕ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು.

"ಮೆಷಿನ್ಗೆ ಜೀವ ಬಂತಂತಲ್ಲಪ್ಪ," ಎಂದು ನಕ್ಕರು. "ನಂಗ್ಯಾವಾಗ್ ಬತ್ತದೆ, ನಿಮ್ಮಣ್ಣನ್ನ ಕೇಳು."

ಮೇಸ್ತ್ರಿ ಎದ್ದು ಹೊರಗೆ ಹೋದರು.

ಸಂಕ್ರಾಂತಿಗೆ ಮೊದಲೇ ಅಕ್ಕ ಹೋದರು. ಅದಾದ ಮೇಲೆ ಮಾಲೀಕರು ಯಂತ್ರಗಳನ್ನು ಗುಜರಿಗೆ ಹಾಕಿದರು. ಆಗ ಬಂದರು ಅದೇ ಅಧಿಕಾರಿ. ಪ್ರೆಸ್ ಇದ್ದ ಜಾಗದಲ್ಲಿ ಬೋಲ್ಟ್ ಕಿತ್ತ ತೂತುಗಳಷ್ಟೇ ಇದ್ದವು. ಅವರು ಬಗ್ಗಿ ನೋಡಿ ತಲೆಯಾಡಿಸಿದರು.

"ಇಪ್ಪೊ ಸರಿ."

ಈಗ ಸರಿಯಾಗಿದೆ ಎಂದು ಬರೆದುಕೊಂಡರು. ನಮಗೆಲ್ಲ ನೆರವು ಮಂಜೂರಾಯಿತು.

ಗೇಟಿನ ಹೊರಗೆ ಮೇಸ್ತ್ರಿ ನನ್ನ ತೋಳು ಹಿಡಿದು ನಿಲ್ಲಿಸಿದರು. "ಅವತ್ತು ಸ್ವಿಚ್ ಹಾಕ್ದೆ ಇದ್ದಿದ್ರೆ ಉಳ್ಕಂತಿದ್ಲೇನ್ಲಾ?"

ಅವರು ಮಗಳ ಜೊತೆ ಇರಲು ಡೆಂಕಣಿಕೋಟೆಗೆ ಹೋದರು. ಎಷ್ಟೋ ವರ್ಷಗಳ ಮೇಲೆ ಅದೇ ಮಾತನ್ನು ಒಬ್ಬ ಡಾಕ್ಟರ ಮುಂದಿಟ್ಟೆ. ಇನ್ನೂ ಕೆಲವು ವರ್ಷ ಇರಬಹುದಿತ್ತು, ಆ ತಿಂಗಳೇ ಹೋಗಲೂಬಹುದಿತ್ತು ಎಂದರು. ಅಷ್ಟನ್ನಾದರೂ ಹೇಳಿ ಬರೋಣವೆಂದು ಡೆಂಕಣಿಕೋಟೆಗೆ ಹೋದೆ. ಬಾಗಿಲು ತೆರೆದ ಮಗಳು, ಅಪ್ಪ ಹೋಗಿ ಎರಡು ವರ್ಷವಾಯಿತು ಎಂದಳು.

ಈಗ ಆ ಪ್ರಶ್ನೆ ಕೇಳಿಕೊಳ್ಳಲು ಉಳಿದಿರುವವನು ನಾನೊಬ್ಬನೇ.