ಭಾವನ ಸ್ವೆಟರ್

ನಲವತ್ತೆರಡು ತುಂಬಿದರೂ ಮನೆಯವರ ಬಾಯಲ್ಲಿ ಅವಳು ಇನ್ನೂ ಪುಟ್ಟಿಯೇ. ಊರೂರಲ್ಲೂ ಅಂಗಡಿ ತೆರೆದಿರುವ ಕಂಪನಿಯೊಂದರ ಬಟ್ಟೆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಪರಿಸರ ಉಳಿಸುತ್ತೇವೆ, ಬಡವರಿಗೆ ನೆರವಾಗುತ್ತೇವೆ ಎಂದು ಕಂಪನಿ ಬಾಗಿಲ ಬಳಿ ಒಂದು ಹಸಿರು ಪೆಟ್ಟಿಗೆ ಇಟ್ಟಿತ್ತು. ಅದರ ಮೇಲೆ ‘ನಿಮ್ಮ ಹಳೇ ಬಟ್ಟೆ ಇಲ್ಲಿ ಕೊಡಿ’ ಎಂಬ ಬರಹ, ಪಕ್ಕದಲ್ಲಿ ಪುಟ್ಟಿಯದೇ ನಗುಮುಖದ ಫೋಟೊ. ಆ ಫೋಟೊ ಅಂಟಿಸಿದ ದಿನ ಅವಳು ಬೀಗಿದ್ದೇ ಬೀಗಿದ್ದು. ಬಟ್ಟೆ ತಂದುಕೊಡಿ ಎಂದು ಸಿಕ್ಕಸಿಕ್ಕವರಿಗೆಲ್ಲ ದುಂಬಾಲು ಬಿದ್ದಳು. ಅಕ್ಕನಿಗೂ.

ಆಮೇಲೊಂದು ಮಧ್ಯಾಹ್ನ ಅಂಗಡಿಯ ಹಿಂಭಾಗದಲ್ಲಿ ಕಂಡಳು: ಪೆಟ್ಟಿಗೆಯ ಬಟ್ಟೆಯೆಲ್ಲ ತರಕಾರಿ ವಿಭಾಗದ ಕೊಳೆತ ಟೊಮೆಟೊ ಜತೆಗೇ ಕಸದ ಲಾರಿಗೆ ಬೀಳುತ್ತಿತ್ತು.

“ಬಟ್ಟೆ ಒಯ್ಯೋರು ಬರೋದು ಬಿಟ್ಟು ಎಷ್ಟೋ ತಿಂಗಳಾಯ್ತು,” ಎಂದ ಮ್ಯಾನೇಜರ್. “ಪೆಟ್ಟಿಗೆ ತೆಗೆದ್ರೆ ಮೇಲಿನೋರು ನನ್ನ ತಲೆ ತಿಂತಾರೆ. ನೀವು ಸುಮ್ನಿರಿ.”

ಪುಟ್ಟಿ ಸುಮ್ಮನಿದ್ದಳು. ಸುಮ್ಮನಿರುವುದೇನು ಕಷ್ಟದ ಕೆಲಸವೇ?

ಮುಂದಿನ ವಾರವೇ ಅಕ್ಕ ಬಂದಳು. ಕೈಯಲ್ಲಿ, ತೀರಿಹೋದ ಭಾವನಿಗೆಂದು ತಾನೇ ಹೆಣೆದಿದ್ದ ಕಂದು ಸ್ವೆಟರ್. ಒಂದೂವರೆ ವರ್ಷ ಬೀರುವಿನಲ್ಲಿಟ್ಟುಕೊಂಡು, ಕೊನೆಗೆ ಮನಸ್ಸು ಗಟ್ಟಿಮಾಡಿ ತಂದಿದ್ದಳು. ಪಕ್ಕದಲ್ಲೇ ಮ್ಯಾನೇಜರ್, ಎದುರಿಗೆ ಗಿರಾಕಿಗಳ ಸಾಲು. ಪುಟ್ಟಿ ಫೋಟೊದಲ್ಲಿದ್ದ ಹಾಗೇ ನಕ್ಕು, ಅಕ್ಕನ ಕೈಯಿಂದಲೇ ಪೆಟ್ಟಿಗೆಗೆ ಹಾಕಿಸಿದಳು. ಸಂಜೆ ಮೆಲ್ಲಗೆ ತೆಗೆದಿಟ್ಟುಕೊಂಡರಾಯಿತು ಎಂದುಕೊಂಡಳು. ಸಂಜೆ ನೋಡಿದರೆ ಪೆಟ್ಟಿಗೆ ಖಾಲಿ. ಹಿಂದಕ್ಕೆ ಓಡಿದಳು, ಲಾರಿ ಹೋಗಿ ಗಂಟೆಯಾಗಿತ್ತು.

ಅಂದಿನಿಂದ ತನ್ನ ಮೇಲೆ ತನಗೇ ಹೇಸಿಗೆ. ‘ಬೇಡಕ್ಕಾ, ವಾಪಸ್ ತಗೊಂಡ್ಹೋಗು’ ಎಂದು ಒಂದು ಮಾತು ಅಂದಿದ್ದರೆ ತನ್ನ ಗಂಟೇನು ಹೋಗುತ್ತಿತ್ತು? ಅಕ್ಕನ ಮನೆ ಇರುವ ಬೀದಿಯನ್ನೇ ಬಿಟ್ಟು ಸುತ್ತಿ ಬಳಸಿ ಓಡಾಡಿದಳು.

ಎಷ್ಟು ದಿನ ತಪ್ಪಿಸಿಕೊಂಡಾಳು? ಭಾನುವಾರ ಅಕ್ಕನೇ ಬಂದು ಅಡುಗೆಮನೆಯಲ್ಲಿ ಕುಳಿತಳು.

“ಅವ್ರ ಸ್ವೆಟರ್ ಯಾರಿಗೆ ಸಿಕ್ತೇ ಪುಟ್ಟಿ?”

ನಿಜ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಕ್ಕನ ಮುಖ ನೋಡಿ ನುಂಗಿಕೊಂಡಳು.

“ಯಾರೋ ವಾಚ್‌ಮನ್‌ಗಂತೆ. ದಿನಾ ಹಾಕ್ಕೋತಾರಂತೆ.”

ಅಕ್ಕನ ಕಣ್ಣು ತುಂಬಿತು. ಎಷ್ಟೋ ತಿಂಗಳ ಮೇಲೆ ಆ ಮುಖ ಅರಳಿತ್ತು. ಚೀಲದಿಂದ ಅದೇ ಕಂದು ಬಣ್ಣದ ಉಣ್ಣೆಯ ಉಂಡೆ ತೆಗೆದಳು.

“ಇಷ್ಟು ಉಳಿದಿತ್ತು. ಅವ್ರಿಗೊಂದು ಟೋಪಿನೂ ಹೆಣೆದುಕೊಡ್ತೀನಿ. ತಲೆ ಎಷ್ಟು ದೊಡ್ಡದು, ಕೇಳ್ಕೊಂಡು ಬರ್ತೀಯಾ?”

ಪುಟ್ಟಿಗೆ ಬೇರೆ ಯಾರ ತಲೆಯೂ ನೆನಪಾಗಲಿಲ್ಲ.

“ಭಾವನಷ್ಟೇ ಇರ್ಬೇಕಕ್ಕಾ.”

“ಹಾಗಾದ್ರೆ ಅಳತೆ ನಂಗೊತ್ತು ಬಿಡು,” ಎಂದ ಅಕ್ಕ ಅಲ್ಲೇ ಕಡ್ಡಿ ತೆಗೆದು ಹೆಣೆಯತೊಡಗಿದಳು.